ಸೂರ್ಯ ಎಲ್ಲೆಡೆ ಒಬ್ಬನೇ, ಊರು ಹೇಳುವುದು ಮುನ್ನೆಲೆ

ಹಂಪಿಯ ಮತಂಗ ಬೆಟ್ಟದ ನೆತ್ತಿಗೆ ನಸುಕಿನಲ್ಲೇ ಹತ್ತಿ ಪೂರ್ವಕ್ಕೆ ಮುಖ ಮಾಡಿ ಕೂರುವವರಿರಲಿ, ಆಗುಂಬೆ ಘಾಟಿಯ ಅಂಚಿನಲ್ಲಿ ಸಂಜೆ ನೆರೆಯುವವರಿರಲಿ, ಕೆಂಪು ಬಿಂಬ ಕಾಣುತ್ತಿದ್ದಂತೆ ಎಲ್ಲರ ಕೈ ಕ್ಯಾಮೆರಾದತ್ತ ಹೋಗುತ್ತದೆ. ಈಗಂತೂ ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಆದರೆ ಮನೆಗೆ ಬಂದು ನೋಡಿದರೆ ಕಾಣುವುದೇನು? ಕಿತ್ತಳೆ ಬಣ್ಣ ಬಳಿದಂಥ ಆಕಾಶ, ನಡುವೆ ಒಂದು ಬಿಳಿ ಚುಕ್ಕೆ. ಅದು ಹಂಪಿಯೋ ಆಗುಂಬೆಯೋ ಕನ್ಯಾಕುಮಾರಿಯೋ ಎಂದು ಆರು ತಿಂಗಳ ನಂತರ ಕೇಳಿದರೆ ತೆಗೆದವರೇ ತಡವರಿಸುತ್ತಾರೆ.

ತಪ್ಪು ಸೂರ್ಯನದಲ್ಲ. ಅವನು ಎಲ್ಲ ಊರಿನಲ್ಲಿಯೂ ಒಬ್ಬನೇ. ಚಿತ್ರಕ್ಕೆ ವಿಳಾಸ ಕೊಡುವುದು ಅವನ ಮುಂದೆ ನಿಂತಿರುವ ಬಂಡೆ, ಗೋಪುರ, ಮರ, ಹರಿಗೋಲು ಅಥವಾ ಮನುಷ್ಯ. ಛಾಯಾಗ್ರಾಹಕರ ಮಾತಿನಲ್ಲಿ ಹೇಳುವುದಾದರೆ ಮುನ್ನೆಲೆ. ಈ ಮುನ್ನೆಲೆಯನ್ನೂ ಹಿಂದಿನ ಉರಿಯುವ ಆಕಾಶವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಛಾಯಾಗ್ರಹಣ ಆರಂಭದಿಂದಲೂ ಹೆಣಗುತ್ತಾ ಬಂದಿದೆ. ಆ ಹೆಣಗಾಟದ ಕಥೆಯ ಒಂದು ಎಳೆ ನಮ್ಮ ಹಂಪಿಯನ್ನೂ ಮುಟ್ಟಿಹೋಗುತ್ತದೆ.

ಅರ್ಧ ಡಿಗ್ರಿಯ ಸೂರ್ಯ

ದಿಗಂತದಲ್ಲಿರುವ ಸೂರ್ಯ ನಮ್ಮ ಕಣ್ಣಿಗೆ ಬಲು ದೊಡ್ಡವನಾಗಿ ಕಾಣುತ್ತಾನೆ. ಅದು ಮನಸ್ಸು ಹೂಡುವ ಆಟ. ಅಳೆದು ನೋಡಿದರೆ ನೆತ್ತಿಯ ಮೇಲಿದ್ದಾಗಲೂ ದಿಗಂತದಲ್ಲಿದ್ದಾಗಲೂ ಅವನ ಅಗಲ ಸುಮಾರು ಅರ್ಧ ಡಿಗ್ರಿಯಷ್ಟೇ. ದಿಗಂತದ ದಪ್ಪ ಗಾಳಿ ಬೆಳಕನ್ನು ಬಾಗಿಸುವುದರಿಂದ ಅವನು ತುಸು ಚಪ್ಪಟೆಯಾಗಿ ಕಾಣಬಹುದು, ದೊಡ್ಡವನಾಗುವುದಿಲ್ಲ.

ಕ್ಯಾಮೆರಾಕ್ಕೆ ಈ ಮನಸ್ಸಿನ ಆಟ ಗೊತ್ತಿಲ್ಲ. 36 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ 50 ಮಿಲಿಮೀಟರ್ ಲೆನ್ಸ್ ಮೂಡಿಸುವ ಸೂರ್ಯನ ಗಾತ್ರ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಮೊಬೈಲ್ ಫೋನಿನ ಅಗಲನೋಟದ ಲೆನ್ಸಿನಲ್ಲಿ ಅವನು ಚಿತ್ರದ ಅಗಲದ ಸುಮಾರು ನೂರೈವತ್ತನೆಯ ಒಂದು ಪಾಲು. 400 ಮಿಲಿಮೀಟರಿನ ಉದ್ದ ಲೆನ್ಸ್ ಹಾಕಿದರೂ ಹತ್ತನೆಯ ಒಂದು ಪಾಲು ಮಾತ್ರ.

ಹಾಗಾದರೆ ಕ್ಯಾಲೆಂಡರಿನ ಚಿತ್ರಗಳಲ್ಲಿ ಮನುಷ್ಯನಷ್ಟೇ ಎತ್ತರದ ಸೂರ್ಯ ಬರುವುದು ಹೇಗೆ? ಇಲ್ಲಿ ಮಾಯವೇನೂ ಇಲ್ಲ, ಲೆಕ್ಕವಿದೆ. ಯಾವುದೇ ವಸ್ತು ತನ್ನ ಎತ್ತರದ ಸುಮಾರು 107 ಪಟ್ಟು ದೂರದಲ್ಲಿದ್ದರೆ ಸೂರ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. 160 ಸೆಂಟಿಮೀಟರ್ ಎತ್ತರದ ವ್ಯಕ್ತಿ ದಿಬ್ಬದ ಮೇಲೆ ನಿಂತಿದ್ದರೆ, ನಾವು ಸುಮಾರು 170 ಮೀಟರ್ ಹಿಂದೆ ಸರಿದು ಉದ್ದ ಲೆನ್ಸಿನಲ್ಲಿ ನೋಡಬೇಕು. ಹದಿನೇಳು ಮೀಟರಿನಲ್ಲಿ ನಿಂತು ತೆಗೆದರೆ ಆತ ಸೂರ್ಯನ ಹತ್ತು ಪಟ್ಟು ಬೆಳೆದಿರುತ್ತಾನೆ. ಹಂಪಿಯ ವಿರೂಪಾಕ್ಷ ದೇಗುಲದ ಪೂರ್ವ ಗೋಪುರದ ಎತ್ತರ ಸುಮಾರು 50 ಮೀಟರ್. ಒಂದು ಕಿಲೋಮೀಟರ್ ದೂರದಿಂದ ಅದು ಐದು ಸೂರ್ಯರನ್ನು ಒಬ್ಬರ ಮೇಲೊಬ್ಬರಂತೆ ಪೇರಿಸಿದಷ್ಟು ಎತ್ತರ ಕಾಣುತ್ತದೆ. ಸೂರ್ಯನ ಗಾತ್ರವನ್ನು ನಾವು ಬದಲಿಸಲಾರೆವು. ಮುನ್ನೆಲೆಯಿಂದ ನಾವೆಷ್ಟು ದೂರ ನಿಲ್ಲುತ್ತೇವೆ ಎಂಬುದೊಂದೇ ನಮ್ಮ ಕೈಯಲ್ಲಿರುವುದು.

ಎರಡು ಬೆಳಕಿನ ಜಗಳ

ಗಾತ್ರಕ್ಕಿಂತ ದೊಡ್ಡ ತೊಡಕು ಬೆಳಕಿನದು. ಆಕಾಶ ಪ್ರಖರ, ನೆಲ ಮಬ್ಬು. ನಮ್ಮ ಕಣ್ಣು ಎರಡನ್ನೂ ಸರಿದೂಗಿಸಿಕೊಳ್ಳುತ್ತದೆ, ಫಲಕಕ್ಕೆ ಆ ಶಕ್ತಿಯಿಲ್ಲ. ಆಕಾಶಕ್ಕೆ ಹೊಂದಿಸಿದರೆ ನೆಲ ಕಪ್ಪು, ನೆಲಕ್ಕೆ ಹೊಂದಿಸಿದರೆ ಆಕಾಶ ಬಿಳಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಷ್ಟ ಇನ್ನೂ ಹೆಚ್ಚಿತ್ತು. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೆ ಬಹುಬೇಗ ಸ್ಪಂದಿಸುತ್ತಿದ್ದವು, ಹಸಿರು ಮತ್ತು ಕೆಂಪಿಗೆ ಜಡವಾಗಿದ್ದವು. ನೆಲದ ವಿವರ ಮೂಡುವಷ್ಟರಲ್ಲಿ ನೀಲಿ ಆಕಾಶ ಸುಟ್ಟುಹೋಗಿ ಖಾಲಿ ಕಾಗದವಾಗುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಬಣ್ಣದ ರಾಸಾಯನಿಕ ಬೆರೆಸಿ ಫಲಕವನ್ನು ಹಸಿರಿಗೂ ಸ್ಪಂದಿಸುವಂತೆ ಮಾಡುವ ದಾರಿ ಕಂಡುಕೊಳ್ಳುವವರೆಗೆ ಇದೇ ಪಾಡು.

ಅದಕ್ಕೂ ಮೊದಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಒಂದು ಉಪಾಯ ಹೂಡಿದ್ದ. ಚಿತ್ರಕಲೆ ಕಲಿತು ಛಾಯಾಗ್ರಹಣಕ್ಕೆ ಬಂದಾತ ಅವನು. 1857ರಲ್ಲಿ ಸೆತ್ ಎಂಬ ಕಡಲೂರಿನಲ್ಲಿ ಭಾರಿ ಅಲೆಯ ಚಿತ್ರ ತೆಗೆದಾಗ ಕಡಲಿಗೊಂದು, ಆಕಾಶಕ್ಕೊಂದು ಹೀಗೆ ಎರಡು ನೆಗೆಟಿವ್ ಬಳಸಿ, ದಿಗಂತದ ಗೆರೆಯಲ್ಲಿ ಅವನ್ನು ಕೂಡಿಸಿ ಒಂದೇ ಕಾಗದದ ಮೇಲೆ ಅಚ್ಚು ಹಾಕಿದ. ಚೆನ್ನಾಗಿ ಬಂದ ಒಂದೇ ಆಕಾಶವನ್ನು ಬೇರೆ ಬೇರೆ ಕಡಲುಗಳ ಮೇಲೆ ಹೊದಿಸಿದ್ದೂ ಉಂಟು.

ಇದೇ ಲ ಗ್ರೇ 1851ರಲ್ಲಿ ಇನ್ನೊಂದು ವಿಧಾನವನ್ನು ಪ್ರಕಟಿಸಿದ್ದ. ಅದು ಮೇಣ ಹೀರಿಸಿದ ಕಾಗದದ ನೆಗೆಟಿವ್. ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾದ್ದರಿಂದ ದೂರ ಪ್ರಯಾಣಕ್ಕೆ ಅನುಕೂಲವಾಗಿತ್ತು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಗೆ ಬಂದು ಪಾಳುಬಿದ್ದ ವಿಜಯನಗರವನ್ನು ಸೆರೆಹಿಡಿದದ್ದು ಇಂಥ ಮೇಣದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ. ಈ ವಿಧಾನದಲ್ಲಿ ಬಂಡೆ, ಕಂಬ, ಗೋಪುರಗಳು ಕೆತ್ತಿದಂತೆ ಮೂಡುತ್ತಿದ್ದವು. ಸೂರ್ಯೋದಯದ ಬಣ್ಣವಂತೂ ದೂರದ ಮಾತು, ಮೋಡಗಳನ್ನು ಹಿಡಿಯುವುದೂ ಕಷ್ಟ. ಹಂಪಿಯ ಮೊದಲ ಛಾಯಾಚಿತ್ರಗಳು ಪೂರಾ ಮುನ್ನೆಲೆಯ ಚಿತ್ರಗಳು ಎಂದರೂ ಸಲ್ಲುತ್ತದೆ.

ಕಪ್ಪಾಗಲಿ ಬಿಡಿ

ಎರಡು ಬೆಳಕಿನ ಜಗಳಕ್ಕೆ ಅತ್ಯಂತ ಸರಳ ಪರಿಹಾರವೆಂದರೆ ಒಂದನ್ನು ಬಿಟ್ಟುಕೊಡುವುದು. ಆಕಾಶಕ್ಕೆ ಬೆಳಕು ಹೊಂದಿಸಿ, ಮುಂದಿನ ವಸ್ತುವನ್ನು ಕಪ್ಪು ನೆರಳಾಕೃತಿಯಾಗಲು ಬಿಡುವುದು. ಇದಕ್ಕೆ ಸೂರ್ಯನನ್ನೇ ಅಳೆಯಬಾರದು. ಅವನ ಪಕ್ಕದ ಆಕಾಶದಲ್ಲಿ ಬೆಳಕನ್ನು ಅಳೆದು ಎಕ್ಸ್‌ಪೋಷರ್ ನಿಗದಿ ಮಾಡಿಕೊಳ್ಳಬೇಕು. ಫೋನಿನಲ್ಲಾದರೆ ಪರದೆಯ ಮೇಲೆ ಆಕಾಶದ ಬೆಳಗುವ ಭಾಗವನ್ನು ಮುಟ್ಟಿದರೆ ಸಾಕು. ಬಿಂಬ ಪ್ರಖರವಾಗಿರುವಾಗ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ಉದ್ದ ಲೆನ್ಸಿನ ಮೂಲಕ ಸೂರ್ಯನನ್ನು ನೋಡುವುದು ಕಣ್ಣಿಗೆ ಅಪಾಯ ಎಂಬುದನ್ನು ಮರೆಯುವಂತಿಲ್ಲ.

ನೆರಳಾಕೃತಿಯಲ್ಲಿ ಬಣ್ಣವಿಲ್ಲ, ಮುಖವಿಲ್ಲ, ಕೆತ್ತನೆಯಿಲ್ಲ. ಉಳಿಯುವುದು ಅಂಚಿನ ಗೆರೆ ಮಾತ್ರ. ಆ ಗೆರೆಯೊಂದರಿಂದಲೇ ವಸ್ತು ಗುರುತು ಸಿಗಬೇಕು. ಇದಕ್ಕೆ ಹಂಪಿಯಲ್ಲೇ ಒಂದು ಹಳೆಯ ಪಾಠವಿದೆ. ವಿರೂಪಾಕ್ಷ ದೇಗುಲದ ಹಿಂಬದಿಯ ಕೋಣೆಯೊಂದರಲ್ಲಿ ಸಣ್ಣ ಕಿಂಡಿಯಿಂದ ಬರುವ ಬೆಳಕು ಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಸೂಜಿರಂಧ್ರ ಕ್ಯಾಮೆರಾದ ತತ್ವವೂ ಇದೇ. ತಲೆಕೆಳಗಾಗಿದ್ದರೂ, ಶಿಲ್ಪಗಳ ವಿವರವಿಲ್ಲದಿದ್ದರೂ, ಅದನ್ನು ಕಂಡ ಮಗುವೂ ಗೋಪುರ ಎನ್ನುತ್ತದೆ. ಅದು ಅಂಚಿನ ಗೆರೆಯ ಬಲ.

ಹಾಗಾಗಿ ಒಂದು ತೆಂಗಿನ ಮರ ಚಿತ್ರವಾಗುತ್ತದೆ, ಹತ್ತು ಮರ ಒತ್ತೊತ್ತಾಗಿ ನಿಂತರೆ ಕಪ್ಪು ಪೊದೆಯಾಗುತ್ತದೆ. ತುಂಗಭದ್ರೆಯ ಹರಿಗೋಲು ನೀರಿನ ಹೊಳಪಿನ ಮೇಲೆ ಬಿಡಿಯಾಗಿ ಕಾಣಬೇಕು, ದಡದ ಕಪ್ಪಿನೊಳಗೆ ಬೆರೆತರೆ ಮುಗಿಯಿತು. ಹುಟ್ಟು ಹಾಕುವವನ ಕೈ ಮೈಯಿಂದ ಬಿಡಿಸಿಕೊಂಡ ಕ್ಷಣವೇ ಕ್ಲಿಕ್ಕಿಸುವ ಕ್ಷಣ. ಅವನಿಗೆ ಒಂದು ಮಾತು ಹೇಳಿ ತೆಗೆಯುವುದು ಮರ್ಯಾದೆ. ನೆರಳಾದರೂ ಅದು ಅವನದೇ ನೆರಳು.

ಮುನ್ನೆಲೆ ಕಪ್ಪಾಗದೆ ವಿವರದೊಂದಿಗೆ ಬೇಕೆನ್ನುವವರಿಗೂ ದಾರಿಯಿದೆ. ಅಗಲನೋಟದ ಲೆನ್ಸ್ ಹಾಕಿ, ಮಂಡಿಯೂರಿ, ಕಾಲ ಬುಡದ ಬಂಡೆಯ ಬಿರುಕಿನಿಂದಲೇ ಚಿತ್ರ ಆರಂಭಿಸಬೇಕು. ಹತ್ತಿರದ ಕಲ್ಲೂ ದೂರದ ಬೆಟ್ಟವೂ ನಿಚ್ಚಳವಾಗಿರಲು ಅಪರ್ಚರ್ ಕಿರಿದಾಗಿರಬೇಕು. ಆಗ ಬೆಳಕು ಕಡಿಮೆ ಒಳಬರುವುದರಿಂದ ಟ್ರೈಪಾಡ್ ಅಥವಾ ಗಟ್ಟಿ ಕಲ್ಲಿನ ಆಸರೆ ಬೇಕು. ಮೇಲರ್ಧ ಮಾತ್ರ ಮಬ್ಬಾಗಿರುವ ಫಿಲ್ಟರನ್ನು ಲೆನ್ಸಿನ ಮುಂದಿಟ್ಟು ಆಕಾಶದ ಬೆಳಕನ್ನು ತಗ್ಗಿಸುವುದು ಫಿಲ್ಮಿನ ಕಾಲದಿಂದ ಬಂದ ರೂಢಿ.

ಬೆನ್ನು ತಿರುಗಿಸಿದವನ ಚಿತ್ರ

ಸೂರ್ಯಾಸ್ತದ ಹೊತ್ತಿನ ಜಗತ್ಪ್ರಸಿದ್ಧ ಚಿತ್ರವೊಂದರಲ್ಲಿ ಸೂರ್ಯನೇ ಇಲ್ಲ. ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರು ನಿಲ್ಲಿಸಿದ. ಎದುರಿಗೆ ಚಂದ್ರೋದಯ, ಕೆಳಗೆ ಸ್ಮಶಾನದ ಶಿಲುಬೆಗಳು. ಬೆನ್ನ ಹಿಂದೆ ಮುಳುಗುತ್ತಿದ್ದ ಸೂರ್ಯನ ಕೊನೆಯ ಬೆಳಕು ಆ ಶಿಲುಬೆಗಳ ಮೇಲೆ ಬಿದ್ದಿತ್ತು. ಬೆಳಕಿನ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬುದು ನೆನಪಿದ್ದುದರಿಂದ ಅದರ ಮೇಲೆಯೇ ಲೆಕ್ಕ ಹಾಕಿ ಒಂದು ಫಲಕ ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಆ್ಯಡಮ್ಸ್‌ಗೆ ಚಿತ್ರ ತೆಗೆದ ವರ್ಷವೂ ಸರಿಯಾಗಿ ನೆನಪಿರಲಿಲ್ಲ. ಚಂದ್ರನ ಸ್ಥಾನವನ್ನೂ ಮುಂದಿನ ನೆಲವನ್ನೂ ತಾಳೆ ನೋಡಿ ದಿನಾಂಕ ಕಂಡುಹಿಡಿದವರು ಖಗೋಳ ಬಲ್ಲವರು. ಈಗ ಒಪ್ಪಿತವಾಗಿರುವ ದಿನಾಂಕ 1991ರಲ್ಲಿ ಹೊರಬಿದ್ದ ಲೆಕ್ಕದ್ದು.

ಇದರ ಪಾಠ ಸ್ಪಷ್ಟ. ಎಲ್ಲರೂ ಸೂರ್ಯನನ್ನು ನೋಡುತ್ತಿರುವಾಗ ಒಮ್ಮೆ ಹಿಂದಿರುಗಿ, ಅವನು ಯಾವುದನ್ನು ಬೆಳಗುತ್ತಿದ್ದಾನೆಂದು ನೋಡಬೇಕು. ಅವಸರವೂ ಬೇಕು. ನಮ್ಮ ನಾಡಿನಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುವುದರಿಂದ ಬಿಂಬ ದಿಗಂತ ಮುಟ್ಟಿ ಮರೆಯಾಗಲು ಎರಡು ನಿಮಿಷ ಚಿಲ್ಲರೆ ಸಾಕು. ನಂತರದ ಸಂಜೆಗೆಂಪು ಇಪ್ಪತ್ತು ನಿಮಿಷ ಉಳಿದರೆ ಹೆಚ್ಚು. ಆದರೆ ಆ ಇಪ್ಪತ್ತು ನಿಮಿಷದಲ್ಲೇ ಆಕಾಶದ ಬೆಳಕೂ ನೆಲದ ಬೆಳಕೂ ಸಮೀಪ ಬರುತ್ತವೆ. ಸೂರ್ಯ ಮುಳುಗಿದೊಡನೆ ಇಳಿದುಹೋಗುವವರು ಕಳೆದುಕೊಳ್ಳುವುದು ಇದನ್ನೇ.

ನಿನ್ನೆಯ ಜಾಗ ಇಂದಿಲ್ಲ

ಮುನ್ನೆಲೆ ನಿಂತಲ್ಲೇ ನಿಂತಿರುತ್ತದೆ, ಸೂರ್ಯ ನಿಲ್ಲುವುದಿಲ್ಲ. ಹಂಪಿಯ ಅಕ್ಷಾಂಶದಲ್ಲಿ ಜೂನ್ ಕೊನೆಯ ಭಾಗದಲ್ಲಿ ಅವನು ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ದಿನವೊಂದಕ್ಕೆ ತನ್ನ ಅಗಲದ ಮುಕ್ಕಾಲು ಪಾಲು ಪಕ್ಕಕ್ಕೆ ಸರಿಯುತ್ತಾನೆ. ಇಂದು ಕಂಬಗಳೆರಡರ ನಡುವೆ ಕಂಡವನು ಎರಡು ದಿನ ಬಿಟ್ಟು ಬಂದರೆ ಕಂಬದ ಹಿಂದಿರುತ್ತಾನೆ.

ನಮ್ಮ ಹಿರಿಯರಿಗೆ ಈ ಲೆಕ್ಕ ತಿಳಿದಿತ್ತು. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಇಂದಿಗೂ ಜನ ಸೇರುತ್ತಾರೆ. ಸೂರ್ಯ ಬರುವ ದಾರಿಯಲ್ಲಿ ಮುನ್ನೆಲೆಯನ್ನು ಹೊಂದಿಸುವ ಕಲೆ ಕ್ಯಾಮೆರಾಕ್ಕಿಂತ ಹಳೆಯದು.

ದಾಖಲೆಯಾಗಿ ಉಳಿಯುವುದು

ಇಂದಿನ ಫೋನು ಕ್ಷಣಾರ್ಧದಲ್ಲಿ ಹಲವು ಚಿತ್ರ ತೆಗೆದು, ಆಕಾಶಕ್ಕೆ ಒಂದನ್ನೂ ನೆಲಕ್ಕೆ ಇನ್ನೊಂದನ್ನೂ ಆರಿಸಿ, ತಾನೇ ಬೆಸೆದು ಕೊಡುತ್ತದೆ. ಲ ಗ್ರೇ ಕತ್ತಲ ಕೋಣೆಯಲ್ಲಿ ಮಾಡುತ್ತಿದ್ದ ಕೆಲಸವೇ ಅದು. ಆಕಾಶವನ್ನೇ ಬದಲಿಸಿ ಬೇರೆ ಸೂರ್ಯಾಸ್ತ ಅಂಟಿಸುವ ಸೌಲಭ್ಯವೂ ಇದೆ. ಅಂದರೆ ಆಕಾಶ ಈಗ ಎಲ್ಲಿಂದಾದರೂ ತರಬಹುದಾದ ಸರಕು.

ಮುನ್ನೆಲೆಯನ್ನು ಹಾಗೆ ತರಲಾಗದು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಹಂಪಿಯಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನಡುವಿನ 127 ವರ್ಷಗಳಲ್ಲಿ ಏನು ಬದಲಾಯಿತು, ಏನು ಉಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಹೇಳುವುದು ಕಲ್ಲು, ಆಕಾಶವಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಮತಂಗ ಬೆಟ್ಟದಿಂದ ಪಶ್ಚಿಮಕ್ಕೆ ನೋಡಬೇಕು. ಕೆಳಗೆ ವಿರೂಪಾಕ್ಷ ಬಜಾರಿನ ಸಾಲು ಮಂಟಪ, ಆಚೆಗೆ ಗೋಪುರ, ಹಿಂದೆ ಇಳಿಯುವ ಸೂರ್ಯ. 2011ರ ಜುಲೈವರೆಗೆ ಆ ಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲುಗಳಿದ್ದವು. ಆ ತಿಂಗಳು ಜಿಲ್ಲಾಡಳಿತ ಅವನ್ನು ತೆರವುಗೊಳಿಸಿತು. ಸ್ಮಾರಕ ಉಳಿಯಿತು ಎಂದವರಿದ್ದಾರೆ, ಬದುಕು ಹೋಯಿತು ಎಂದವರೂ ಇದ್ದಾರೆ. ವಾದ ಏನೇ ಇರಲಿ, ಅದಕ್ಕೂ ಮೊದಲು ಅಲ್ಲಿ ಸೂರ್ಯಾಸ್ತ ತೆಗೆದವರ ಆಲ್ಬಮ್ಮುಗಳಲ್ಲಿ ಆ ಬೀದಿಯ ಸಂಸಾರ ತಾನಾಗಿ ಉಳಿದುಕೊಂಡಿದೆ. ಅದು ಉಳಿದದ್ದು ಲೆನ್ಸನ್ನು ತುಸು ಕೆಳಗೆ ಬಾಗಿಸಿದವರ ಬಳಿ ಮಾತ್ರ. ಬರೀ ಕೆಂಪು ಬಿಂಬ ತೆಗೆದವರ ಬಳಿ ಯಾವ ಊರಿನದೂ ಅಲ್ಲದ ಒಂದು ಸಂಜೆ ಇದೆ.

ನಾಳೆ ನಿಮ್ಮೂರ ಕೆರೆ ಏರಿಯ ಮೇಲೆ ನಿಂತಾಗ ಸೂರ್ಯನ ಚಿಂತೆ ಬೇಡ, ಅವನು ನಾಡಿದ್ದೂ ಬರುತ್ತಾನೆ. ಏರಿಯ ಮೇಲಿನ ಆಲದ ಮರ, ಆಚೆಯ ಹಳೆಯ ತೂಬು, ದನ ಹೊಡೆದುಕೊಂಡು ಬರುವ ಅಜ್ಜ, ಇವರ ಬಗ್ಗೆ ಆ ಭರವಸೆ ಕೊಡುವವರು ಯಾರೂ ಇಲ್ಲ.