ಬೀಚನಹಳ್ಳಿಯ ಸುತ್ತ ಎಷ್ಟು ಪುಸ್ತಕ? ಹೇಳಿ ನೋಡೋಣ!

ಬೀಚನಹಳ್ಳಿ ಅಂದ ಕೂಡಲೇ ನಿಮಗೇನು ನೆನಪಾಗುತ್ತದೆ? ಡ್ಯಾಂ! ಕಬಿನಿ! 2284 ಅಡಿ! ಮಳೆಗಾಲದಲ್ಲಿ ಪೇಪರು ಬಿಡಿಸಿದರೆ ಒಳಹರಿವು ಇಷ್ಟು, ಹೊರಹರಿವು ಇಷ್ಟು. ಸಫಾರಿಗೆ ಹೋಗಿಬಂದವರಿಗಾದರೆ ಹಿನ್ನೀರು, ಆನೆ ಹಿಂಡು, ಪುಣ್ಯವಿದ್ದರೆ ಹುಲಿ. ಅಷ್ಟೇ ತಾನೆ?

ನಾನು ಹೇಳಹೊರಟಿರುವುದು ಇದ್ಯಾವುದನ್ನೂ ಅಲ್ಲ. ಪುಸ್ತಕಗಳನ್ನು!

ಹೌದು, ಪುಸ್ತಕಗಳು! ಈ ಹೊಳೆಯ ದಂಡೆಯ ಹೆಸರು ಹೊತ್ತವು, ಈ ಕಾಡಿನಲ್ಲಿ ಹುಟ್ಟಿದವು, ಇಲ್ಲಿನ ಆನೆಯ ಬೆನ್ನೇರಿ ಕಡಲು ದಾಟಿದವು. ಎಲ್ಲವನ್ನೂ ತಂದು ಒಂದೇ ಕಪಾಟಿನಲ್ಲಿ ಜೋಡಿಸಿ ನೋಡಿ. ತಲೆ ಗಿರ್ರೆನ್ನುತ್ತದೆ!

ಮೊದಲು ಒಂದು ಸುಲಭದ ಪ್ರಶ್ನೆ. ಸುಲಭ ಅಂತ ನಿಮಗನಿಸುತ್ತದೆ, ಅಷ್ಟೆ. ಈ ಸೀಮೆಯ ಹೆಸರನ್ನು ಬರೆದಿಟ್ಟ ಬಹು ಹಳೆಯ ಪುಸ್ತಕವೊಂದಿದೆ. ಅದು ಯಾವ ಭಾಷೆಯದು?

ಕನ್ನಡ? ಅಲ್ಲ. ಸಂಸ್ಕೃತ? ಅಲ್ಲ. ತಮಿಳು? ಊಹೂಂ. ಸೋತಿರಾ?

ಗ್ರೀಕ್!

ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕೂತು ಟಾಲೆಮಿ ಎಂಬಾತ ಕ್ರಿ.ಶ. 150ರ ಸುಮಾರಿಗೆ ಇಡೀ ಜಗತ್ತಿನ ಭೂಗೋಳ ಬರೆದ. ಸುಮಾರು 8000 ಸ್ಥಳಗಳ ಪಟ್ಟಿ! ಹೆಚ್ಚಿನವಕ್ಕೆ ಅಕ್ಷಾಂಶ, ರೇಖಾಂಶ! ಪುಣ್ಯಾತ್ಮ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಆದರೂ ಆ ಪಟ್ಟಿಯಲ್ಲಿ 'ಪೌನ್ನಾಟ' ಎಂಬ ಹೆಸರಿದೆ. ಇತಿಹಾಸಕಾರರು ಅದನ್ನು ಪುನ್ನಾಟ ಎಂದು ಗುರುತಿಸುತ್ತಾರೆ. ಪುನ್ನಾಟದ ರಾಜಧಾನಿ ಯಾವುದು ಗೊತ್ತೆ? ಕೀರ್ತಿಪುರ. ಅಂದರೆ ನಮ್ಮ ಹೆಗ್ಗಡದೇವನಕೋಟೆ ಸೀಮೆಯಲ್ಲಿ, ಇದೇ ಕಬಿನಿಯ ದಂಡೆಯ ಕಿತ್ತೂರು! ರಾಣಿ ಚೆನ್ನಮ್ಮನ ಕಿತ್ತೂರಲ್ಲ, ಮಾರಾಯರೇ. ಇದು ನಮ್ಮ ಕಿತ್ತೂರು.

ಹೆಸರಿನ ಪಕ್ಕದಲ್ಲಿ ಟಾಲೆಮಿ ಒಂದು ಟಿಪ್ಪಣಿ ಬೇರೆ ಸೇರಿಸಿದ್ದಾನೆ. ಅಲ್ಲಿ ಬೆರಿಲ್ ಸಿಗುತ್ತದಂತೆ! ಹಸಿರು ನೀಲಿ ಬೆರೆತ ಹರಳು ಅದು. ರೋಮಿನ ಸಿರಿವಂತರು ಮುಗಿಬಿದ್ದು ಕೊಳ್ಳುತ್ತಿದ್ದ ಹರಳು. ಬೆರಿಲ್ ಹೆಚ್ಚಾಗಿ ಬರುವುದು ಭಾರತದಿಂದಲೇ ಎಂದು ಪ್ಲಿನಿ ಎಂಬ ರೋಮನ್ ಪಂಡಿತನೂ ಬರೆದಿದ್ದಾನೆ. ಇಲ್ಲಿನ ಮಣ್ಣು ಕೆದಕಿದ ಯಾವನೋ ಒಬ್ಬನ ಕೈಯಿಂದ ಹೊರಟ ಕಲ್ಲು ಘಟ್ಟ ಇಳಿದು, ಹಡಗು ಹತ್ತಿ, ರೋಮಿನ ಹೆಂಗಸಿನ ಕಿವಿಯಲ್ಲಿ ತೂಗಿರಬಹುದು. ಕಲ್ಲಿನ ಹಿಂದೆಯೇ ಊರಿನ ಹೆಸರೂ ಹೋಗಿ ಪುಸ್ತಕ ಸೇರಿತು!

ಇದಕ್ಕೇ ಬಾಯಿ ತೆರೆದರೆ ಹೇಗೆ? ಮುಂದಿನದು ಕೇಳಿ.

ಕ್ರಿ.ಶ. 783. ಉತ್ತರದಲ್ಲಿ, ಗುಜರಾತು ಮಾಳವಗಳ ಕಡೆ, ವರ್ಧಮಾನಪುರ ಎಂಬ ಊರು. ಅಲ್ಲಿ ಜಿನಸೇನನೆಂಬ ಜೈನ ಮುನಿ ಸಂಸ್ಕೃತದಲ್ಲಿ 'ಹರಿವಂಶಪುರಾಣ' ಬರೆದು ಮುಗಿಸುತ್ತಾನೆ. ಕೃಷ್ಣನ ಕಥೆ, ಪಾಂಡವರ ಕಥೆ, ನೇಮಿನಾಥನ ಕಥೆ. (ಆದಿಪುರಾಣದ ಜಿನಸೇನನೇ ಬೇರೆ, ಈತನೇ ಬೇರೆ.) ಈತ ಯಾವ ಸಂಘದವನು? ಊಹಿಸಿ!

ಪುನ್ನಾಟ ಸಂಘ!

ನಮ್ಮ ಕಬಿನಿ ಸೀಮೆಯ ಹೆಸರನ್ನೇ ಹೊತ್ತ ಮುನಿಗಳ ಗುಂಪು, ಕಾಲ್ನಡಿಗೆಯಲ್ಲಿ, ಅಷ್ಟು ದೂರ! ಒಂದೇ ಪುಸ್ತಕಕ್ಕೆ ನಿಲ್ಲಲೂ ಇಲ್ಲ. ಸುಮಾರು ನೂರೈವತ್ತು ವರ್ಷದ ಮೇಲೆ, ಕ್ರಿ.ಶ. 931ರ ಹೊತ್ತಿಗೆ, ಅದೇ ವರ್ಧಮಾನಪುರದಲ್ಲಿ ಅದೇ ಸಂಘದ ಹರಿಷೇಣ 'ಬೃಹತ್ಕಥಾಕೋಶ' ಕಟ್ಟಿದ. ಅದರಲ್ಲಿ ಎಷ್ಟು ಕಥೆ? 157! ಅವುಗಳಲ್ಲೊಂದು ಭದ್ರಬಾಹುವಿನದು. ಬರಗಾಲಕ್ಕೆ ಹೆದರಿ ಮುನಿಸಂಘ ದಕ್ಷಿಣಕ್ಕೆ ಹೊರಡುತ್ತದಲ್ಲ, ಆ ಕಥೆ. ಹೊರಟವರು ಬಂದು ಸೇರುವುದೆಲ್ಲಿಗೆ? ಪುನ್ನಾಟಕ್ಕೆ! ಬಿಟ್ಟುಹೋಗಿ ತಲೆಮಾರುಗಳೇ ಕಳೆದರೂ ಊರಿನ ಹೆಸರನ್ನು ಕಥೆಯೊಳಗೆ ಬಿಡಲಿಲ್ಲ ನೋಡಿ!

ಈಗ ಸ್ವಲ್ಪ ಹತ್ತಿರ ಬರೋಣ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿಗೆ.

ಈ ಪುಸ್ತಕಕ್ಕೆ ಹಾಳೆಯೇ ಇಲ್ಲ. ಕಲ್ಲು! ಒಂದು ಶಾಸನ. ಕಾಲ ಕ್ರಿ.ಶ. 1057. ಶಾಸನ ಅಂದರೆ ದಾನ, ದತ್ತಿ, ಗದ್ದೆ, ತೋಟ, ಶಾಪ ಅಂತ ತಾನೆ ನೀವು ಅಂದುಕೊಂಡದ್ದು? ಇಲ್ಲಿ ಕಾವ್ಯವಿದೆ! ಮಲ್ಲನೆಂಬ ಕವಿ ಕಟ್ಟಿದ ಕನ್ನಡ ಪದ್ಯಗಳು. ಒಂದು ಕೊಲೆ, ಒಂದು ಮರಣದಂಡನೆ, ಒಂದು ಚಿತೆ.

ನುಗುನಾಡಿನ ಒಡೆಯ ರವಿಗ. ಅವನ ಮಗಳು ದೇಕಬ್ಬೆ. ಗಂಡ ನವಿಲೆನಾಡಿನ ಏಚ. ಮಲ್ಲಯುದ್ಧದಲ್ಲಿ ಏಚನ ಕೈಯಲ್ಲಿ ಒಬ್ಬ ದಾಯಾದಿ ಸತ್ತ. ಆಗ ಇಲ್ಲಿ ಚೋಳರ ಆಳ್ವಿಕೆ. ಏಚನನ್ನು ತಲಕಾಡಿಗೆ ಕರೆಸಿ ಕೊಲ್ಲಿಸಲಾಯಿತು. ಸುದ್ದಿ ಊರು ಮುಟ್ಟಿತು. ದೇಕಬ್ಬೆ ಬೆಂಕಿಗೆ ಹೊರಟಳು.

ಇಲ್ಲಿ ನಿಲ್ಲಿ. ಅವಸರ ಮಾಡಬೇಡಿ. ಸತಿಯನ್ನು ಹೊಗಳುವ ಕಲ್ಲುಗಳು ಎಷ್ಟೋ ಇವೆ, ಅವನ್ನು ಓದಿದರೆ ನನಗೆ ಮೈ ಉರಿಯುತ್ತದೆ. ಇದು ಆ ಹೊಗಳಿಕೆಯಿಂದ ಹೊರತು ಅಂತಲ್ಲ. ಆದರೆ ಈ ಕವಿ ಕಿವಿ ತೆರೆದಿಟ್ಟಿದ್ದಾನೆ! ಬೇಡ ಎಂದು ಕಾಲಿಗೆ ಬೀಳುವ ನೆಂಟರಿದ್ದಾರೆ. ಗೋಗರೆಯುವ ಹೆತ್ತವರಿದ್ದಾರೆ. ಅವಳ ಮರುಮಾತಿದೆ, ಹಟವಿದೆ. ಒಂದು ಮನೆಯಂಗಳದಲ್ಲಿ ನಡೆದ ಜಗ್ಗಾಟವೆಲ್ಲ ಕಲ್ಲಿನ ಮೇಲೆ, ಸಾವಿರ ವರ್ಷದಿಂದ! ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅದಕ್ಕೆ ಜಾಗ ಸಿಕ್ಕಿರುವುದು ಸುಮ್ಮನೆ ಅಲ್ಲ.

ಇದನ್ನು ಕಾಡುಮೇಡಿನಿಂದ ಪುಸ್ತಕಕ್ಕೆ ತಂದವರಾರು? ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷಿನವರು. 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹೆಸರಿನಲ್ಲಿ ಅವರು ಅಚ್ಚು ಹಾಕಿಸಿದ ಶಾಸನಗಳೆಷ್ಟು? ನೂರಲ್ಲ, ಸಾವಿರವಲ್ಲ. ಸುಮಾರು ಒಂಬತ್ತು ಸಾವಿರ! ಹೆಗ್ಗಡದೇವನಕೋಟೆ ತಾಲ್ಲೂಕಿನ ಕಲ್ಲುಗಳು 1898ರ ನಾಲ್ಕನೆಯ ಸಂಪುಟದಲ್ಲಿವೆ. ನಿಮ್ಮ ಊರಿನ ಕಲ್ಲೂ ಅದರಲ್ಲಿರಬಹುದು. ಹುಡುಕಿ!

ಸರಿ, ಈಗ ಆನೆ! ನನಗೆ ಎಲ್ಲಕ್ಕಿಂತ ಹುಚ್ಚು ಹಿಡಿಸಿದ ಕಥೆ ಇದೇ.

ಹೈದರಾಲಿ ಕಾಕನಕೋಟೆ ಕಾಡಿನಲ್ಲಿ ಆನೆ ಹಿಂಡನ್ನು ಖೆಡ್ಡಾಕ್ಕೆ, ಅಂದರೆ ಹಿಂಡನ್ನೇ ಅಟ್ಟಿ ಕೂಡುವ ಬೇಲಿಗೆ, ಕೆಡವಲು ಹೊರಟ. ಸೋತ! ಅಂಥಿಂಥ ಸೋಲಲ್ಲ. ಇದು ಯಾರಿಂದಲೂ ಆಗದು, ಮಾಡಹೊರಟವನಿಗೆ ನನ್ನ ಶಾಪವಿರಲಿ ಎಂದು ಕಲ್ಲು ನೆಡಿಸಿಬಿಟ್ಟನಂತೆ! ಈ ಸಂಗತಿ ಬರೆದಿಟ್ಟವರು ಜಿ.ಪಿ. ಸ್ಯಾಂಡರ್ಸನ್. ಪುಸ್ತಕ 'ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ', 1878.

ಸ್ಯಾಂಡರ್ಸನ್ ಕೆಲಸವೇನಾಗಿತ್ತು? ಬೇಟೆಗಾರ? ಸೈನಿಕ? ಅಲ್ಲವೇ ಅಲ್ಲ. ಮೈಸೂರು ಸೀಮೆಯ ನೀರಾವರಿ ಕಾಲುವೆ ನೋಡಿಕೊಳ್ಳುವ ಅಧಿಕಾರಿ! ಶಾಪಕ್ಕೆ ಸೊಪ್ಪು ಹಾಕದ ಆಸಾಮಿ 1874ರಲ್ಲಿ ಚಾಮರಾಜನಗರದ ಕಡೆಯ ಕಾಡಂಚಿನಲ್ಲಿ ಹಿಂಡಿಗೆ ಹಿಂಡನ್ನೇ ಕೆಡವಿದರು. ಐವತ್ತಕ್ಕೂ ಹೆಚ್ಚು ಆನೆ, ಒಂದೇ ಏಟಿಗೆ! ಆಮೇಲೆ ಖೆಡ್ಡಾ ಕಾಕನಕೋಟೆಗೇ ಬಂತು. ಹೊಳೆ ದಾಟಿಸಿ ಆನೆ ಹಿಡಿಯುವ ಆ ಅಬ್ಬರ ನೋಡಲು ವೈಸ್‌ರಾಯ್‌ಗಳೇ ಬಂದು ಕೂತರು.

ಇಲ್ಲಿಂದ ಕಥೆ ನೆಗೆಯುತ್ತದೆ. ಹಿಡಿದುಕೊಳ್ಳಿ!

1894ರಲ್ಲಿ ರಡ್ಯಾರ್ಡ್ ಕಿಪ್ಲಿಂಗ್ ಬರೆದ 'ದಿ ಜಂಗಲ್ ಬುಕ್' ಗೊತ್ತಲ್ಲ? ಮೌಗ್ಲಿ, ಬಾಲೂ, ಶೇರ್ ಖಾನ್. ಅದೇ ಪುಸ್ತಕದಲ್ಲಿ ತೂಮಾಯ್ ಎಂಬ ಮಾವುತರ ಹುಡುಗನ ಕಥೆಯೂ ಇದೆ. ಅದರಲ್ಲಿ ಆನೆ ಹಿಡಿಸುವ ದೊಡ್ಡ ಸಾಹೇಬ, ಪೀಟರ್ಸನ್. ಆ ಪಾತ್ರಕ್ಕೆ ಅಚ್ಚು ಯಾರು ಅಂತೀರಿ? ನಮ್ಮ ಕಾಲುವೆ ಸಾಹೇಬ ಸ್ಯಾಂಡರ್ಸನ್ ಎನ್ನುತ್ತಾರೆ ಬಲ್ಲವರು!

ಇನ್ನೂ ಮುಗಿದಿಲ್ಲ. ನಾಲ್ಕು ದಶಕ ಕಳೆಯಿತು. ಆ ಕಥೆಯನ್ನು ಸಿನಿಮಾ ಮಾಡಲು ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ತೂಮಾಯ್ ಪಾತ್ರಕ್ಕೆ ಹುಡುಗ ಬೇಕು. ಆನೆಗೆ ಹೆದರದ ಹುಡುಗ. ಅರಮನೆಯ ಆನೆ ಲಾಯದಲ್ಲಿ ಸಿಕ್ಕಿಯೇ ಬಿಟ್ಟ! ಹೆಸರು ಸಾಬು. ಮಾವುತನ ಮಗ, ತಂದೆ ತೀರಿಕೊಂಡಿದ್ದರು. ಹುಟ್ಟಿದ್ದು 1924ರಲ್ಲಿ. ಊರು ಯಾವುದು?

ಕಾರಾಪುರ!

ಹೌದು, ಇದೇ ಕಾರಾಪುರ! ಇವತ್ತು ಸಫಾರಿಗೆ ಜನ ಸಾಲು ಹಿಡಿಯುತ್ತಾರಲ್ಲ, ಬೀಚನಹಳ್ಳಿ ಡ್ಯಾಮಿನ ಹಿನ್ನೀರಿನ ದಂಡೆಯ ಕಾರಾಪುರ! ಕಾಕನಕೋಟೆಯ ಮಗ್ಗುಲು! ಪುಸ್ತಕದ ಪಾತ್ರವೇ ಊರು ಹುಡುಕಿಕೊಂಡು ಬಂದು ತನ್ನ ಹುಡುಗನನ್ನು ಎತ್ತಿಕೊಂಡು ಹೋದ ಹಾಗಾಯಿತು!

'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ. ಹುಡುಗ ಲಂಡನ್ನಿಗೆ ಹೋದ. ಅಲ್ಲಿಂದ ಹಾಲಿವುಡ್! 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'. 1942ರಲ್ಲಿ ಸಾಕ್ಷಾತ್ ಮೌಗ್ಲಿ! ಆಮೇಲೆ? ಅಮೆರಿಕದ ವಾಯುಪಡೆ ಸೇರಿ, ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಾರಿಸಿ, ಶೌರ್ಯ ಪದಕ ಗೆದ್ದ! 1963ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 39. ಹಾಲಿವುಡ್ಡಿನ ರಸ್ತೆಯ ಮೇಲೆ ಅವನ ಹೆಸರಿನ ನಕ್ಷತ್ರ ಇಂದಿಗೂ ಇದೆ. ಕಾರಾಪುರದ ಹುಡುಗ ಕಣ್ರೀ!

ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ಕ್ಕೆ ಅಣೆಕಟ್ಟು ನಿಂತಿತು. ಆನೆ ಹಿಡಿದ ಹೊಳೆ ದಂಡೆಯ ಮೇಲೆ ನೀರು. ಎಷ್ಟು ನೀರು? 19.52 ಟಿಎಂಸಿ! ಹಳ್ಳಿಗಳೂ ಮುಳುಗಿದವು. ಜೇನುಕುರುಬರ, ಕಾಡುಕುರುಬರ ಹಾಡಿಗಳು ಎದ್ದು ಹೋದವು.

ಆ ಕಾಡಿನ ಜನರನ್ನು ರಂಗದ ಮೇಲೆ ನಾಯಕರನ್ನಾಗಿ ನಿಲ್ಲಿಸಿದ್ದು ಯಾರು? ಮಾಸ್ತಿ! ಕೋಲಾರದ ಬಯಲಿನವರು ಬರೆದ 'ಕಾಕನಕೋಟೆ' ನಾಟಕ. ಅದು 1977ರಲ್ಲಿ ಸಿ.ಆರ್. ಸಿಂಹ ನಿರ್ದೇಶನದಲ್ಲಿ ಸಿನಿಮಾ ಆಯಿತು. ನೋಡಿಲ್ಲವೆ? ಛೇ! ಇಂದೇ ನೋಡಿ.

ಹುಲಿಯ ವಿಷಯಕ್ಕೆ ಬರೋಣ. ಮೊದಲೆಲ್ಲ ಹುಲಿ ಎಣಿಸುತ್ತಿದ್ದುದು ಹೆಜ್ಜೆ ಗುರುತು ನೋಡಿ. ಒದ್ದೆ ಮಣ್ಣಲ್ಲಿ ಒಂದು ಅಳತೆ, ಒಣ ಮಣ್ಣಲ್ಲಿ ಇನ್ನೊಂದು! ಇದೇ ನಾಗರಹೊಳೆ ಕಾಡಿನಲ್ಲಿ ಕೆ. ಉಲ್ಲಾಸ ಕಾರಂತರು ಮರಕ್ಕೆ ಕ್ಯಾಮೆರಾ ಕಟ್ಟಿದರು. ಹುಲಿ ಹಾದರೆ ಫಳ್ ಎಂದು ಫೋಟೋ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ! ಯಾವುದು ಮತ್ತೆ ಬಂತು, ಯಾವುದು ಹೊಸದು ಎಂದು ವಿಂಗಡಿಸಿ, ಕಣ್ಣಿಗೆ ಬೀಳದ ಹುಲಿಗಳನ್ನೂ ಲೆಕ್ಕಕ್ಕೆ ತರುವ ಗಣಿತ! 1995ರಲ್ಲಿ ಅವರ ಪ್ರಬಂಧ ಬಂತು. ದೇಶದ ಹುಲಿ ಗಣತಿ ಇಂದು ನಿಂತಿರುವುದು ಈ ದಾರಿಯ ಮೇಲೆಯೇ. 'ದಿ ವೇ ಆಫ್ ದಿ ಟೈಗರ್' ಓದಿ. ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು ಒಬ್ಬರೇ ಬರೆದು ಮುಗಿಸಿದ ಶಿವರಾಮ ಕಾರಂತರ ಮಗ ಅಲ್ಲವೆ ಇವರು? ಇನ್ನೇನು ಮಾಡಿಯಾರು!

ಹೊಳೆಯ ಜೊತೆ ಕೆಳಕ್ಕೆ ಹೋದರೆ ನಂಜನಗೂಡು. ಆ ತಾಲ್ಲೂಕಿನ ದೇವನೂರು. ದೇವನೂರ ಮಹಾದೇವ! 'ಕುಸುಮಬಾಲೆ' ಎಷ್ಟು ಪುಟ್ಟ ಪುಸ್ತಕ, ಎಷ್ಟು ಆಳ! ಅದರ ಬಗ್ಗೆ ಇಲ್ಲಿ ಹೇಳಲು ಹೊರಟರೆ ಉಳಿದದ್ದಕ್ಕೆ ಜಾಗವಿರುವುದಿಲ್ಲ. ಮುಂದೆ ಹೋಗೋಣ.

ಮೈಸೂರಿನ ಹತ್ತಿರ ಇನ್ನೊಂದು ಹಳ್ಳಿ, ಕೊಡಗಹಳ್ಳಿ. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅಲ್ಲಿ ತಿಂಗಳುಗಟ್ಟಲೆ ಇದ್ದು ಹಳ್ಳಿಯನ್ನು ಅಕ್ಷರಕ್ಕಿಳಿಸಿಕೊಂಡರು. ಜಾತಿ, ಜಗಳ, ಗದ್ದೆ, ಹಬ್ಬ, ಗೌಡನ ಜಗುಲಿಯ ಪಂಚಾಯ್ತಿ. ಆ ಟಿಪ್ಪಣಿಗಳನ್ನು ತಿದ್ದಿ ತೀಡಲು ಹಿಡಿದದ್ದು 18 ವರ್ಷ! ಕೊನೆಗೆ ಪುಸ್ತಕ ಬರೆಯೋಣವೆಂದು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋದರು. 1970ರ ಏಪ್ರಿಲ್ 24. ಯಾರೋ ಕಿಡಿಗೇಡಿಗಳು ಕಟ್ಟಡಕ್ಕೆ ಬೆಂಕಿ ಇಟ್ಟರು. ಮೂರು ಪ್ರತಿ ಇದ್ದವು. ಮೂರೂ ಬೂದಿ!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಹಾಸಿಗೆ ಹಿಡಿಯುತ್ತಿದ್ದೆ. ಸೋಲ್ ಟ್ಯಾಕ್ಸ್ ಎಂಬ ವಿದ್ವಾಂಸರು ಒಂದು ಮಾತು ಹೇಳಿದರು: ನೆನಪಿನಿಂದಲೇ ಬರೆಯಿರಿ! ಬರೆದರು! 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಬಂತು. ಜಗತ್ತಿನ ಸಮಾಜಶಾಸ್ತ್ರದ ತರಗತಿಗಳಲ್ಲಿ ನಮ್ಮ ಹಳ್ಳಿ! ಅಂಕಿ ಅಂಶ ಸುಟ್ಟುಹೋದದ್ದಕ್ಕೇ ಇರಬೇಕು, ಅದು ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ.

ಕೊನೆಯ ಪ್ರಶ್ನೆ. ಇದು ಕಠಿಣ. ಈ ಕಪಾಟಿನಲ್ಲಿ ಇರಲೇಬೇಕಾದ, ಆದರೆ ಇಲ್ಲದ ಪುಸ್ತಕ ಯಾವುದು?

ಗಂಗರ ಅರಸ ಅವಿನೀತ ಪುನ್ನಾಟದ ಸ್ಕಂದವರ್ಮನ ಮಗಳನ್ನು ಮದುವೆಯಾದ. ಮಗ ದುರ್ವಿನೀತ. ಅಂದರೆ ಅವನ ಅಜ್ಜನ ಮನೆ ಈ ಕಬಿನಿ ಸೀಮೆ! ಹೆಸರು ದುರ್ವಿನೀತನಾದರೂ ಮಹಾ ವಿದ್ಯಾವಂತ. ಗುಣಾಢ್ಯನ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ತಾಮ್ರಪಟ ಹೇಳುತ್ತದೆ. ಭಾರವಿಯ ಕಾವ್ಯದ 15ನೆಯ ಸರ್ಗಕ್ಕೆ ಟೀಕೆ ಬರೆದನೆಂದೂ ಹೇಳುತ್ತದೆ. ಇನ್ನು 'ಕವಿರಾಜಮಾರ್ಗ' ಏನು ಹೇಳುತ್ತದೆ? ಕನ್ನಡದ ಗದ್ಯ ಬರೆದವರ ಸಾಲಿನಲ್ಲಿ ದುರ್ವಿನೀತನ ಹೆಸರು! ಪಂಪನಿಗಿಂತ ಮುನ್ನೂರು ವರ್ಷಕ್ಕೂ ಹಿಂದಿನ ಕನ್ನಡ ಗದ್ಯ!

ಎಲ್ಲಿದೆ ಅದು? ಒಂದು ಸಾಲೂ ಸಿಕ್ಕಿಲ್ಲ!

ಹೋಗಲಿ ಬಿಡಿ ಎನ್ನಬೇಡಿ. ಕೌಟಿಲ್ಯನ ಅರ್ಥಶಾಸ್ತ್ರವೂ ಹೀಗೇ ಬರೀ ಹೆಸರಾಗಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಓಲೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದೇನೆಂದು ಗುರುತು ಹಿಡಿದರು, 1909ರಲ್ಲಿ ಅಚ್ಚು ಹಾಕಿಸಿದರು, ಜಗತ್ತೇ ಬೆಚ್ಚಿತು. ಅದೂ ನಮ್ಮ ಮೈಸೂರಿನಲ್ಲಿ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆಯವರೇ, ನಿಮ್ಮ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆ ಸುತ್ತಿದ ಓಲೆಗರಿಯ ಕಟ್ಟು ಇದೆಯೇ? ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿ ಮತ್ತೆ ಮೇಲಿಡುತ್ತೀರಾ? ಈ ಸಲ ಕೆಳಗಿಳಿಸಿ! ಓದಬಲ್ಲವರಿಗೆ ತೋರಿಸಿ! ಏನಾದರೂ ಸಿಕ್ಕಿತೋ, ಮೊದಲು ನನಗೆ ಹೇಳಿ!