ಇಲಿ ತಾಳಿದ ವಿಷ

1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರು ವಿಷಮದ್ಯಕ್ಕೆ ಬಲಿಯಾದರು. 2007ರ ಜುಲೈಯಲ್ಲಿ ರಾಜ್ಯದೊಳಗೆ ಸಾರಾಯಿಯ ನಿಷೇಧವಾಯಿತು. ಮರುವರುಷದ ಮೇ ತಿಂಗಳಲ್ಲಿಯೇ ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿ ಸೀಮೆಗಳಲ್ಲಿ ಸುಮಾರು 150 ಜನರು ಮಡಿದರು. ಎರಡು ಸಲವೂ ಕೊಂದದ್ದು ಮೆಥನಾಲು. ಅದು ದೂರದ ಸುದ್ದಿಯೆಂದು ಬೀದರದವರು ಸುಮ್ಮನಿರುವಂತಿಲ್ಲ. ಭಾಲ್ಕಿ, ಔರಾದ ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ಹತ್ತಿದವು. ಕಲಬೆರಕೆಯ ಸರಕನ್ನು ಗಡಿಯ ಕಲ್ಲು ತಡೆಯಲಾರದು.

ಈ ವಿಷದ ಮರ್ಮವು ವೈದ್ಯಶಾಸ್ತ್ರಕ್ಕೆ ಬಹುಕಾಲ ತಿಳಿಯದೆ ಉಳಿದುದಕ್ಕೆ ಪ್ರಯೋಗಕ್ಕಾಗಿ ಆರಿಸಿದ ಪ್ರಾಣಿಯೂ ಒಂದು ಕಾರಣ. ಮೆಥನಾಲು ಕುಡಿದ ಇಲಿಗೆ ಮತ್ತು ಬರುವುದು, ಕಣ್ಣು ಹೋಗದು. ದೋಷವು ಮೆಥನಾಲಿನದಲ್ಲ, ಅದರಲ್ಲಿಯ ಕಲ್ಮಷದ್ದೆಂದು ಹಿಂದೆ ವಾದಿಸಿದವರೂ ಉಂಟು. 1955ರಲ್ಲಿ ಅಮೇರಿಕೆಯ ಗಿಲ್ಗರ್ ಮತ್ತು ಪಾಟ್ಸ್ ಎಂಬವರು ಮಂಗಗಳ ಮೇಲೆ ಪರೀಕ್ಷಿಸಿದಾಗ, ಮನುಷ್ಯನಲ್ಲಿ ಕಾಣುವ ಆಮ್ಲಾಧಿಕ್ಯವೂ ದೃಷ್ಟಿಹಾನಿಯೂ ಅವುಗಳಲ್ಲಿ ಕಂಡವು. ಯಕೃತ್ತು ಮೆಥನಾಲನ್ನು ಕೊನೆಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ನೇತ್ರನರವನ್ನು ಕೆಡಿಸುವುದು ಈ ಆಮ್ಲವೇ. ಇಲಿಯು ತನ್ನ ಯಕೃತ್ತಿನ ಫೋಲೇಟಿನ ಬಲದಿಂದ ಅದನ್ನು ಬೇಗನೆ ಕಳೆದುಕೊಳ್ಳುತ್ತದೆ. ಮನುಷ್ಯನೂ ಮಂಗನೂ ಕಳೆದುಕೊಳ್ಳಲಾರರು. ಮುಂದೆ ಫೋಲೇಟಿನ ಬಲವನ್ನು ಕುಂದಿಸಿದ ಇಲಿಯೇ ಮನುಷ್ಯನಿಗೆ ತಕ್ಕ ಮಾದರಿಯಾಯಿತು.

ಒಂದು ಜೀವಿಗೆ ಹಿತವಾದದ್ದು ಇನ್ನೊಂದಕ್ಕೆ ಮಾರಕವಾಗಬಹುದೆಂಬುದನ್ನು ಪಶುವೈದ್ಯ ವಿಶ್ವವಿದ್ಯಾಲಯವಿರುವ ಬೀದರಕ್ಕೆ ವಿವರಿಸಿ ಹೇಳಬೇಕಿಲ್ಲ. ದನದ ನೋವಿಗೆ ಕೊಟ್ಟ ಡೈಕ್ಲೋಫಿನಾಕ್ ಅದರ ಹೆಣವನ್ನು ತಿಂದ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ಸರಕಾರವು ಪಶುಗಳಿಗೆ ಆ ಔಷಧವನ್ನು ನಿಷೇಧಿಸಿತು.

ಇಷ್ಟೆಲ್ಲ ಪ್ರಾಣಿಗಳ ನೋವಿನಿಂದ ದೊರೆತ ಜ್ಞಾನವು ತಾಲೂಕು ಆಸ್ಪತ್ರೆಯ ಬಾಗಿಲಿಗೆ ಬಾರದಿದ್ದರೆ ಅದರಿಂದ ಫಲವೇನು? ಯಕೃತ್ತಿನ ಆ ಕಿಣ್ವವನ್ನು ಮೊದಲೇ ತಡೆದರೆ ಆಮ್ಲವು ಹುಟ್ಟುವುದಿಲ್ಲ. ಫೋಮೆಪಿಜೋಲ್ ಎಂಬ ಮದ್ದು ತಡೆಯುವುದೂ ಇದನ್ನೇ; ಅದು ದೊರೆಯದೆಡೆ ವೈದ್ಯರು ಅಳೆದು ಕೊಡುವ ಶುದ್ಧ ಎಥನಾಲೂ ಅದೇ ಕೆಲಸ ಮಾಡುವುದು. ಜೊತೆಗೆ ಡಯಾಲಿಸಿಸ್ ಬೇಕಾಗಬಹುದು. ವಿಷವು ಸಾಮಾನ್ಯವಾಗಿ 12ರಿಂದ 24 ಗಂಟೆಗಳವರೆಗೆ ತನ್ನ ನಿಜರೂಪವನ್ನು ತೋರಿಸದು. ಭಾಲ್ಕಿಯಿಂದಾಗಲಿ ಔರಾದದಿಂದಾಗಲಿ ಬೀದರವು ಸುಮಾರು 40 ಕಿಲೋಮೀಟರು, ವೇಳೆ ಸಾಕಷ್ಟಿದೆ. ಆದರೆ ಬರಿಯ ಅಮಲೆಂದು ರೋಗಿಯನ್ನು ಮಲಗಿಸಿದರೆ ಆ ವೇಳೆಯೇ ಕಳೆದುಹೋಗುವುದು.

ಆದುದರಿಂದ ತಾಲೂಕು ಆಸ್ಪತ್ರೆಗಳಲ್ಲಿ ಪ್ರತಿವಿಷವು ಸದಾ ಸಿದ್ಧವಾಗಿರಬೇಕು. ಕಣ್ಣು ಮಂಜಾಯಿತೆಂದು ಬಂದವನನ್ನು ಕುಡಿದದ್ದೇನೆಂದು ಮೊದಲು ಕೇಳಬೇಕು. ಕುಡಿದವನು ಎಂಬ ತಿರಸ್ಕಾರಕ್ಕೆ ಅಲ್ಲಿ ಎಡೆಯಿರಬಾರದು. ಜಿಲ್ಲೆಯ ಅಧಿಕಾರಿಗಳು ಇನ್ನೊಂದು ದುರಂತಕ್ಕಾಗಿ ಕಾಯದೆ ಈ ಏರ್ಪಾಡನ್ನು ಮಾಡುವರೆಂದು ನಂಬುತ್ತೇವೆ.