ಅಂಗಿಗೆ ಹಣ ಕೊಟ್ಟವರು

ಕಿಸೆಯಿಂದ ಹಣ ತೆಗೆದು ಕೊಡುವುದು ಎಲ್ಲರಿಗೂ ತಿಳಿದ ಕೆಲಸ. ಕೊಟ್ಟ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಹೊರಟಾಗ ಮಾತ್ರ ಪದವೀಧರರೂ ಎಡವುವುದುಂಟು. ಕನ್ನಡದಲ್ಲಿ ಈ ತೊಡಕಿಲ್ಲ. ‘ದರ್ಜಿಗೆ 500 ರೂಪಾಯಿ ಕೊಟ್ಟೆ’, ‘ಅಂಗಿಗೆ 500 ರೂಪಾಯಿ ಕೊಟ್ಟೆ’. ಹಣ ಪಡೆದ ಮನುಷ್ಯನಿಗೂ ಕೊಂಡ ವಸ್ತುವಿಗೂ ಚತುರ್ಥೀ ವಿಭಕ್ತಿಯೊಂದೇ ಸಾಕು. ಇಂಗ್ಲಿಷಿನ ‘ಪೇ’ ಎಂಬ ಕ್ರಿಯಾಪದವಾದರೋ ಇವೆರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸದು. ‘ಐ ಪೇಯ್ಡ್ ದಿ ಟೈಲರ್’ ಎಂಬುದು ಸರಿ. ‘ಐ ಪೇಯ್ಡ್ ದಿ ಶರ್ಟ್’ ಎಂದರೆ ಅಂಗಿಯ ಕೈಗೇ ಹಣವಿತ್ತಂತೆ! ಅಲ್ಲಿ ‘ಫಾರ್ ದಿ ಶರ್ಟ್’ ಎನ್ನಬೇಕು.

ಈ ಭೇದದ ಬೇರು ಪದದ ಇತಿಹಾಸದಲ್ಲಿದೆ. ‘ಪೇ’ ಎಂಬುದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಪಾಕಾರೆ’ಯಿಂದ ಬಂದುದು. ಅದರ ಅರ್ಥ ‘ಶಾಂತಗೊಳಿಸು’. ಶಾಂತಿಯನ್ನು ಸೂಚಿಸುವ ‘ಪೀಸ್’ ಕೂಡ ಅದೇ ಮನೆತನದ್ದು. ಬಾಗಿಲಿಗೆ ಬಂದು ನಿಂತ ಸಾಹುಕಾರನನ್ನು ಸಮಾಧಾನಪಡಿಸುವುದೇ ಮೊದಲಿನ ‘ಪೇ’. ಆದುದರಿಂದ ಮನುಷ್ಯನು ನೇರವಾಗಿ ಕರ್ಮಪದವಾಗುತ್ತಾನೆ. ಸಮಾಧಾನ ಬೇಡದ ಅಂಗಿಯು ‘ಫಾರ್’ ಎಂಬುದರ ಹಿಂದೆ ನಿಲ್ಲುತ್ತದೆ. ಬಾಡಿಗೆ, ತೆರಿಗೆ, ದಂಡ, ಬಿಲ್ಲು ಇವು ಸಲ್ಲಬೇಕಾದ ಹಣದ ಹೆಸರುಗಳೇ ಆದುದರಿಂದ ಅವಕ್ಕೆ ‘ಫಾರ್’ ಬೇಡ. ‘ಪೇ ದಿ ರೆಂಟ್’, ಆದರೆ ‘ಪೇ ಫಾರ್ ದಿ ರೂಮ್’.

ಇದು ಕೇವಲ ವ್ಯಾಕರಣದ ಹಠವಲ್ಲ. ಪತ್ರದಲ್ಲಿ ‘ಪೇ ಮೈ ಬ್ರದರ್’ ಎಂದು ಬರೆದರೆ ಹಣವು ತಮ್ಮನ ಕೈ ಸೇರಬೇಕು. ‘ಪೇ ಫಾರ್ ಮೈ ಬ್ರದರ್’ ಎಂದರೆ ತಮ್ಮನ ಖರ್ಚನ್ನು ಓದಿದವರು ಭರಿಸಬೇಕು. ಒಂದು ಪುಟ್ಟ ಪದ ಬಿಟ್ಟುಹೋದರೆ ಹಾಸ್ಟೆಲಿಗೆ ಸಲ್ಲಬೇಕಾದ ಊಟದ ಹಣ ಹುಡುಗನ ಕಿಸೆಗೆ ಹೋದೀತು!

ಒಂದು ವ್ಯಾಪಾರದಲ್ಲಿ ಕೊಳ್ಳುವವನು, ಮಾರುವವನು, ಸರಕು, ಹಣ ಎಂಬ ನಾಲ್ಕು ಅಂಗಗಳಿರುತ್ತವೆ. ಒಂದೊಂದು ಕ್ರಿಯಾಪದವೂ ಈ ನಾಲ್ಕನ್ನು ಒಂದೊಂದು ದಿಕ್ಕಿನಿಂದ ನೋಡುತ್ತದೆಂದು ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್ಮೋರ್ ಅವರು 1970ರ ದಶಕದಲ್ಲಿ ವಿವರಿಸಿದರು. ‘ಸ್ಪೆಂಡ್’ ಎಂಬುದಕ್ಕೆ ಮಾರುವವನ ಗೊಡವೆಯಿಲ್ಲ; ಅದರ ಬಳಿ ಮೊದಲು ಹಣ, ಬಳಿಕ ‘ಆನ್ ದಿ ಶರ್ಟ್’. ‘ಚಾರ್ಜ್’ ದರ್ಜಿಯ ಮಾತು: ‘ದಿ ಟೈಲರ್ ಚಾರ್ಜ್ಡ್ ಮಿ ಫೈವ್ ಹಂಡ್ರೆಡ್ ರುಪೀಸ್ ಫಾರ್ ದಿ ಶರ್ಟ್’. ‘ಕಾಸ್ಟ್’ನಲ್ಲಿ ಅಂಗಿಯೇ ಕರ್ತೃ: ‘ದಿ ಶರ್ಟ್ ಕಾಸ್ಟ್ ಮಿ ಫೈವ್ ಹಂಡ್ರೆಡ್ ರುಪೀಸ್’. ಬೆಲೆ ಬಿದ್ದಿತೆಂಬ ಈ ಅರ್ಥದಲ್ಲಿ ಭೂತಕಾಲದಲ್ಲೂ ‘ಕಾಸ್ಟ್’ ಎಂದೇ ಉಳಿಯುತ್ತದೆ, ‘ಕಾಸ್ಟೆಡ್’ ಆಗದು.

ಕ್ರಿಯಾಪದದ ಅರ್ಥವನ್ನಷ್ಟೇ ಕಲಿತರೆ ಸಾಲದೆಂಬುದನ್ನು ಜಪಾನಿನಲ್ಲಿ ಇಂಗ್ಲಿಷ್ ಬೋಧಿಸಿದ ಎ. ಎಸ್. ಹಾರ್ನ್‌ಬಿಯವರು ಕಂಡುಕೊಂಡಿದ್ದರು. ಅವರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ನಿಘಂಟು ಕ್ರಿಯಾಪದಗಳಿಗೆ ವಾಕ್ಯದ ಮಾದರಿಗಳನ್ನೂ ಸೂಚಿಸಿತು. 1954ರಲ್ಲಿ ಈ ಮಾದರಿಗಳಿಗೆಂದೇ ಅವರ ಪ್ರತ್ಯೇಕ ಗ್ರಂಥವೊಂದು ಹೊರಬಂದಿತು.

ಕನ್ನಡಿಗ ವಿದ್ಯಾರ್ಥಿಗೂ ಅದೇ ಹಾದಿ ಕ್ಷೇಮ. ‘ಪೇ’ ಎಂದರೆ ಕೊಡು ಎಂದಷ್ಟೇ ಬಾಯಿಪಾಠ ಮಾಡದೆ, ಯಾರಿಗೆ, ಎಷ್ಟು, ಯಾವುದಕ್ಕಾಗಿ ಎಂಬ ಮೂರನ್ನೂ ಜೊತೆಯಲ್ಲೇ ಕಲಿಯಬೇಕು. ‘ಪೇ ಫಾರ್ ಎ ಮಿಸ್ಟೇಕ್’ ಎಂದರೆ ತಪ್ಪಿಗೆ ಬೆಲೆ ತೆರುವುದು. ಅಲ್ಲಿಯೂ ‘ಫಾರ್’ ಮರೆಯುವಂತಿಲ್ಲ. ಮರೆತವರು ಆ ತಪ್ಪಿಗೂ ಬೆಲೆ ತೆರಬೇಕಾದೀತು.